ಒಂದೇ ಬಾಗಿಲಿನ ಗಾಡಿ

ಆರ್ವಿಡ್ ಸ್ಕೋಗ್ ನಲವತ್ತೆರಡು ಚಳಿಗಾಲ ಜಿಲ್ಲೆಯ ಹಿಮ ತೆಗೆಯುವ ಲಾರಿ ಓಡಿಸಿದವನು. ನಸುಕಿನಲ್ಲಿ ಫೋನು ಬಂದ ಕೂಡಲೆ ಎದ್ದು, ಟೋರ್ಸ್‌ಬಿ ಊರಿನಿಂದ ಹೊರಟು, ರಸ್ತೆಯ ಹಿಮವನ್ನು ಪಕ್ಕಕ್ಕೆ ತಳ್ಳುತ್ತ ಪಶ್ಚಿಮಕ್ಕೆ ಇಪ್ಪತ್ತೆರಡು ಮೈಲಿ ಹೋಗಿ, ಜಿಲ್ಲೆಯ ಗಡಿ ಎಂದು ಬರೆದ ಹಸಿರು ಫಲಕದ ಹತ್ತಿರ ಲಾರಿ ತಿರುಗಿಸಿಕೊಂಡು ಬರುವುದು ಅವನ ಕೆಲಸ. ಫಲಕದ ಆಚೆಗೂ ರಸ್ತೆ ಇತ್ತು. ಅದರ ಮೇಲೂ ಹಿಮ ಬೀಳುತ್ತಿತ್ತು. ಆದರೆ ಅದು ಬೇರೆಯವರ ಹಿಮ. ಬೇರೆಯವರ ಹಿಮಕ್ಕೆ ಕೈ ಹಾಕುವ ಮನುಷ್ಯ ಆರ್ವಿಡ್ ಅಲ್ಲ.

ನಿವೃತ್ತಿಯ ದಿನ ಅವನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಮೇಲಧಿಕಾರಿ ಎದ್ದು ನಿಂತು, "ಆರ್ವಿಡ್ ಕೆಲಸ ಕೆಟ್ಟದಾಗಿರಲಿಲ್ಲ" ಎಂದರು. ಮಿನ್ನೆಸೋಟಾದ ಆ ಭಾಗದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆರ್ವಿಡ್‌ನ ಕಿವಿ ಕೆಂಪಾಯಿತು. ಹೆಂಡತಿ ಲವೋನ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು.

ಗಡಿಯಾರ ಹಾಕಲು ದಾರ ಬೇಕಾಗಿ ಅಡುಗೆಮನೆಯ ಮೇಜಿನ ಖಾನೆ ಎಳೆದಾಗ ಅವನ ಕೈಗೆ ಹಳೆಯ ಭೂಪಟ ತಗುಲಿತು. ಹೊಸದೇನಲ್ಲ, ದಾರ ಹುಡುಕಿದಾಗಲೆಲ್ಲ ಅದು ಸಿಗುತ್ತಿತ್ತು. ಮದುವೆಯಾದ ವರ್ಷ, ಪಶ್ಚಿಮದ ಬೆಟ್ಟಗಳನ್ನು ನೋಡಿ ಬರೋಣವೆಂದು ಲವೋನ್ ಕೊಂಡದ್ದು. ಹೊರಡುವ ಹಿಂದಿನ ದಿನ ಹಿಮ ಬಿತ್ತು, ಆರ್ವಿಡ್‌ಗೆ ಫೋನು ಬಂತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಭೂಪಟ ಮಾತ್ರ ನಲವತ್ತೊಂದು ವರ್ಷದಿಂದ ಖಾನೆಯಲ್ಲಿತ್ತು. ಮಡಿಕೆಗಳಲ್ಲಿ ಹರಿದಿತ್ತು, ಅಂಟುಪಟ್ಟಿ ಹಚ್ಚಿತ್ತು. ಬಳಸದ ಭೂಪಟ ಮಡಿಕೆಗಳಲ್ಲಿ ಹೇಗೆ ಹರಿಯುತ್ತದೆ ಎಂದು ಆರ್ವಿಡ್ ಈವರೆಗೆ ಯೋಚಿಸಿರಲಿಲ್ಲ. ಅಂದು ಯೋಚಿಸಿದ. ಯೋಚಿಸಿ, ಖಾನೆ ಮುಚ್ಚಿ, ಕ್ಷೌರದಂಗಡಿಯಲ್ಲಿ ಕಂಡಿದ್ದ ಒಂದು ಪತ್ರಿಕೆಯ ಹಾಳೆಯನ್ನು ಹೋಗಿ ಕೇಳಿಕೊಂಡು ತಂದ.

ಹಾಳೆಯಲ್ಲಿ ಒಂದು ಗಾಡಿಯ ನಕ್ಷೆ ಇತ್ತು. ಕಣ್ಣೀರಿನ ಹನಿಯನ್ನು ಅಡ್ಡ ಮಲಗಿಸಿದ ಆಕಾರ. ಮುಂದೆ ಗುಂಡಗೆ, ಹಿಂದಕ್ಕೆ ಹೋಗುತ್ತ ಇಳಿಜಾರು. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ. ಹಿಂಬದಿಯ ಮುಚ್ಚಳ ಎತ್ತಿದರೆ ಪುಟ್ಟ ಅಡುಗೆಕಟ್ಟೆ. ಕಾರಿನ ಹಿಂದೆ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಸುತ್ತಿಗೆ ಹಿಡಿಯಲು ಬರುವ ಯಾವ ಗಂಡಸಾದರೂ ಮೂರು ವಾರಾಂತ್ಯದಲ್ಲಿ ಕಟ್ಟಬಹುದು ಎಂದು ಕೆಳಗೆ ಬರೆದಿತ್ತು. ಹಾಗೆ ಬರೆದವನು ಆರ್ವಿಡ್‌ನನ್ನು ನೋಡಿರಲಿಲ್ಲ.

ಗಾಡಿ ಕಟ್ಟಬೇಕು. ಜೂನ್ ಹದಿನಾಲ್ಕಕ್ಕೆ, ಮದುವೆಯ ದಿನ, ಲವೋನ್‌ಳನ್ನು ಕೂರಿಸಿಕೊಂಡು ಆ ಹಸಿರು ಫಲಕ ದಾಟಬೇಕು. ಆರ್ವಿಡ್‌ನ ಆಸೆ ಇಷ್ಟೇ. ಇದನ್ನು ಲವೋನ್‌ಗೆ ಹೇಳಬಹುದಿತ್ತು. ಆದರೆ ಕಟ್ಟದ ಗಾಡಿಯ ವಿಚಾರ ಹೇಳಿದರೆ ಬಡಾಯಿಯಾಗುತ್ತದೆ. ಕಟ್ಟಿದ ಮೇಲೆ ಕೇಳಿದರಾಯಿತು ಎಂದುಕೊಂಡ. "ಗ್ಯಾರೇಜಲ್ಲಿ ಸ್ವಲ್ಪ ಕೆಲಸ ಇದೆ" ಎಂದಷ್ಟೇ ಹೇಳಿದ.

"ಆಗ್ಲಿ," ಎಂದಳು ಲವೋನ್.

ಮೊದಲು ಅಳತೆ. ಮಾರ್ಚ್ ತಿಂಗಳ ಸಿಮೆಂಟು ನೆಲದ ಮೇಲೆ ಆರ್ವಿಡ್ ಅಂಗಾತ ಮಲಗಿ, ಕೈಗೆಟುಕಿದಷ್ಟು ತನ್ನ ಸುತ್ತ ತಾನೇ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡ. ಕಾಲಿನ ಭಾಗವನ್ನು ಎದ್ದು ಅಂದಾಜಿನ ಮೇಲೆ ಮುಗಿಸಿದ. ಪಕ್ಕದಲ್ಲಿ ಲವೋನ್ ಮಲಗಬೇಕಾದ ಜಾಗ. ಅಷ್ಟು ತಣ್ಣಗಿನ ನೆಲದ ಮೇಲೆ ಹೆಂಡತಿಯನ್ನು ಮಲಗು ಎನ್ನುವುದು ಹೇಗೆ? ಅಲ್ಲಿ ಒಂದು ನೇರ ಗೆರೆ ಎಳೆದು ಬಿಟ್ಟ.

ಎದುರುಮನೆಯ ಡೆಲೋರಿಸ್ ಟ್ವೆಟ್ ಕೇಕಿನ ತಟ್ಟೆ ವಾಪಸು ಕೊಡಲು ಬಂದವಳು ಗ್ಯಾರೇಜಿನ ಬಾಗಿಲಲ್ಲೇ ನಿಂತಳು. ಅವಳು ವಿಧವೆ. ಅವಳ ಅಡುಗೆಮನೆಯ ಕಿಟಕಿ ಸ್ಕೋಗ್‌ರ ಅಂಗಳಕ್ಕೆ ನೇರವಾಗಿ ತೆರೆಯುತ್ತಿತ್ತು. ಅದು ಅವಳ ತಪ್ಪಲ್ಲ, ಮನೆ ಕಟ್ಟಿದವರದು.

"ಯಾರೋ ಬಿದ್ದಿದ್ದ ಹಾಗಿದೆ," ಎಂದಳು ನೆಲ ನೋಡಿ.

"ನಾನೇ."

"ಓ. ಹಾಗಾದ್ರೆ ಸರಿ." ತಟ್ಟೆ ಕೆಳಗಿಟ್ಟು, "ಲವೋನ್ ಇದ್ದಾಳಾ?"

"ಒಳಗಿದ್ದಾಳೆ."

"ಓ. ಹಾಗಾದ್ರೆ ಸರಿ."

ಟೋರ್ಸ್‌ಬಿಯಲ್ಲಿ ಯಾರೂ ಯಾರನ್ನೂ ನೇರವಾಗಿ ಏನೂ ಕೇಳುವುದಿಲ್ಲ. ನೇರ ಪ್ರಶ್ನೆ ಎಂದರೆ ಅಂಗಿ ಹಾಕದೆ ಚರ್ಚಿಗೆ ಬಂದ ಹಾಗೆ. ಹಾಗೆಯೇ ಏನಾದರೂ ಮೆಚ್ಚಿಗೆಯಾಗದಿದ್ದರೆ ಚೆನ್ನಾಗಿಲ್ಲ ಎನ್ನುವುದಿಲ್ಲ. "ಬೇರೆ ಥರ ಇದೆ" ಎನ್ನುತ್ತಾರೆ. ಅದಕ್ಕಿಂತ ಕಟುವಾದ ಮಾತು ಆ ಊರಿನಲ್ಲಿ ಆಡಿದವರಿಲ್ಲ.

ಮೂರು ವಾರಾಂತ್ಯದ ಕೆಲಸ ಹನ್ನೊಂದು ವಾರ ನಡೆಯಿತು. ಹಳೆಯ ದೋಣಿ ಸಾಗಿಸುವ ಚೌಕಟ್ಟೊಂದು ಸಿಕ್ಕಿತು, ಅದರ ಮೇಲೆ ನೆಲ ಕೂರಿಸಿದ. ಪಕ್ಕದ ಎರಡು ಗೋಡೆಗಳನ್ನು ಪ್ಲೈವುಡ್ಡಿನಲ್ಲಿ ಕೊಯ್ದ. ಚಾವಣಿಯ ಹಲಗೆ ಮಾತ್ರ ಬಾಗಲು ಒಪ್ಪಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಟವೆಲ್ಲು ಹೊದಿಸಿ, ಸಮಾಧಾನದಿಂದ ಒತ್ತುತ್ತಿರಬೇಕು ಎಂದು ನಕ್ಷೆಯಲ್ಲಿತ್ತು. ಆರ್ವಿಡ್ ಮನೆಯಲ್ಲಿದ್ದ ಅಷ್ಟೂ ಟವೆಲ್ಲುಗಳನ್ನು ಹೊದಿಸಿ, ಮೂರು ದಿನ ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ. ಟವೆಲ್ಲು ಆರಿದರೆ ಬದಲಿಸುತ್ತಿದ್ದ, ನಡುನಡುವೆ ಅಂಗೈಯಿಂದ ತಟ್ಟುತ್ತಿದ್ದ. ಆರ್ವಿಡ್ ಏನನ್ನೋ ಆರೈಕೆ ಮಾಡುತ್ತಿದ್ದಾನೆ, ಅದು ಏನೆಂದು ಗೊತ್ತಿಲ್ಲ, ಆದರೆ ಲವೋನ್‌ಗೆ ನೆಗಡಿಯಾದಾಗ ಇಷ್ಟು ಮಾಡಿರಲಿಲ್ಲ ಎಂದು ಡೆಲೋರಿಸ್ ಚರ್ಚಿನ ಹೆಂಗಸರಲ್ಲಿ ಹೇಳಿದಳು. ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಹವಾಮಾನದ ವಿಚಾರ ಹೇಳುವ ಹಾಗೆ ಹೇಳಿದಳು.

ಬಾಗಿಲು ಕೂರಿಸಿದ ದಿನ ಲವೋನ್ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಗ್ಯಾರೇಜಿಗೆ ಬಂದಳು. ಟವೆಲ್ಲುಗಳಿಗಾಗಿ ಬಂದದ್ದು. ಗಾಡಿಯ ಸುತ್ತ ಒಂದು ಸುತ್ತು ಬಂದಳು. ಎಡಗಡೆ ಬಾಗಿಲು ಇತ್ತು, ಹಿತ್ತಾಳೆಯ ಬಿಜಾಗರಿ, ಹೊಸ ಚಿಲಕ. ಬಲಗಡೆ ಬರೀ ಹಲಗೆ.

"ಒಂದೇ ಬಾಗಿಲು," ಎಂದಳು.

"ಒಂದೇ."

"ಹ್ಞೂಂ." ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಬೇರೆ ಥರ ಇದೆ."

ಆರ್ವಿಡ್ ಹಿಡಿದಿದ್ದ ಸ್ಕ್ರೂ ಕೆಳಗೆ ಬಿತ್ತು. ಅವಳು ಹೋದ ಮೇಲೆ ತುಂಬ ಹೊತ್ತು ಅದನ್ನು ಹುಡುಕಿದ. ಸ್ಕ್ರೂ ಅವನ ಬೂಟಿನ ಕೆಳಗೇ ಇತ್ತು. ಜೂನ್ ಹದಿನಾಲ್ಕರ ಮಾತನ್ನು ಅಂದೇ ಕೇಳಬೇಕೆಂದಿದ್ದವನು ಗಾಡಿಗೆ ಬಣ್ಣ ಬಳಿದ ಮೇಲೆ ಕೇಳೋಣವೆಂದು ಮುಂದಕ್ಕೆ ಹಾಕಿದ.

ಬಣ್ಣ ಬಳಿದಾಯಿತು, ತಿಳಿಹಸಿರು. ರಸ್ತೆಗೆ ಒಯ್ಯುವ ಮೊದಲು ಮನೆಯಂಗಳದಲ್ಲೇ ಗಾಡಿಯಲ್ಲಿ ಮಲಗಿ, ಮಳೆ ಸೋರುತ್ತದೆಯೋ ನೋಡಬೇಕೆಂದು ನಕ್ಷೆ ಹೇಳಿತ್ತು. ಸೋರುವ ಗಾಡಿಯಲ್ಲಿ ಲವೋನ್‌ಳನ್ನು ಮಲಗಿಸುವುದುಂಟೇ? ಊಟದ ಮೇಜಿನಲ್ಲಿ ಆರ್ವಿಡ್, "ಇನ್ನು ಸ್ವಲ್ಪ ದಿನ ಹೊರಗೇ ಮಲಗ್ತೀನಿ" ಎಂದ.

ಲವೋನ್ ಆಲೂಗಡ್ಡೆಯನ್ನು ನಾಲ್ಕು ಸಮಭಾಗ ಮಾಡಿದಳು. "ಆಗ್ಲಿ," ಎಂದಳು. "ದಿಂಬು ತಗೊಂಡು ಹೋಗು."

ಬೆಳಿಗ್ಗೆ ಆರು ಗಂಟೆಗೆ, ಬಿಳಿಯ ಉದ್ದ ಒಳಉಡುಪಿನಲ್ಲಿ, ಕಂಕುಳಲ್ಲಿ ಒಂದು ದಿಂಬು ಹಿಡಿದು, ಆರ್ವಿಡ್ ಗಾಡಿಯಿಂದ ಕಾಲು ಮುಂದಾಗಿ ಹೊರಬಂದ. ಎದುರುಮನೆಯ ಕಿಟಕಿಯಲ್ಲಿ ಡೆಲೋರಿಸ್ ಕಾಫಿ ಬಟ್ಟಲು ಹಿಡಿದು ನಿಂತಿದ್ದಳು. ಕಂಡ ಮೇಲೆ ಕೈ ಬೀಸದೆ ಇರಲಾಗುವುದಿಲ್ಲ. ಆರ್ವಿಡ್ ಕೈ ಬೀಸಿದ. ಅವಳೂ ಬೀಸಿದಳು.

ಮಳೆ ಬಂತು, ಬಲಗಡೆ ಮೂಲೆಯಲ್ಲಿ ಹನಿ ಸೋರಿತು. ಎಲ್ಲಿಂದ ಎಂದು ತಿಳಿಯಲಿಲ್ಲ. ಹಾಗಾಗಿ ಒಂದು ದಿನದ ಪರೀಕ್ಷೆ ಆರು ದಿನವಾಯಿತು. ಆರನೆಯ ಬೆಳಿಗ್ಗೆ ಬೀದಿಯಲ್ಲಿ ನಾಯಿ ಕರೆದುಕೊಂಡು ಹೋಗುವವರ ಸಂಖ್ಯೆ ಹೆಚ್ಚಾಗಿತ್ತು. ಅವರಲ್ಲಿ ಇಬ್ಬರಿಗೆ ನಾಯಿ ಇರಲಿಲ್ಲ. ಆರ್ವಿಡ್ ಎಲ್ಲರಿಗೂ ಕೈ ಬೀಸಿದ.

ಅಂದು ಮಧ್ಯಾಹ್ನ ಮೊದಲನೆಯ ಹಾಟ್‌ಡಿಶ್ ಬಂತು.

ಹಾಟ್‌ಡಿಶ್ ಎಂದರೆ ಕೊಚ್ಚಿದ ಮಾಂಸಕ್ಕೆ ಅಣಬೆ ಸಾರು ಸುರಿದು, ಮೇಲೆ ಆಲೂಗಡ್ಡೆಯ ಉಂಡೆಗಳನ್ನು ಸಾಲಾಗಿ ಜೋಡಿಸಿ ಬೇಯಿಸಿದ್ದು. ಒಂದು ಮನೆಯಲ್ಲಿ ಯಾರಾದರೂ ಸತ್ತರೆ, ಹೆತ್ತರೆ, ಹೊಟ್ಟೆ ಕೊಯ್ಸಿಕೊಂಡರೆ ಟೋರ್ಸ್‌ಬಿಯ ಹೆಂಗಸರು ಆ ಮನೆಗೆ ಇದನ್ನು ಒಯ್ಯುತ್ತಾರೆ. ಮಾತಾಡುವುದಿಲ್ಲ, ಪಾತ್ರೆ ಕೊಟ್ಟು ಬರುತ್ತಾರೆ. ಪಾತ್ರೆಗಳ ಸಂಖ್ಯೆ ಹೇಳಿದರೆ ಸಾಕು, ದುಃಖದ ಗಾತ್ರ ತಿಳಿಯುತ್ತದೆ. ಲವೋನ್‌ಳ ತಾಯಿ ಹೋದಾಗ ಒಂಬತ್ತು ಬಂದಿದ್ದವು.

ಡೆಲೋರಿಸ್ ಬಿಸಿ ಪಾತ್ರೆಯನ್ನು ಎರಡು ಕೈಬಟ್ಟೆಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಲವೋನ್‌ಗೆ," ಎಂದಳು.

"ಲವೋನ್‌ಗಾ?"

"ಅವಳೇನೂ ಹೇಳ್ಕೊಳ್ಳಲ್ಲ. ಹೇಳ್ಕೊಳ್ಳೋ ಜಾತಿಯಲ್ಲ ಅವಳು. ಆದ್ರೂ ಜನಕ್ಕೆ ಕಾಣುತ್ತಲ್ಲ ಆರ್ವಿಡ್."

"ಏನು ಕಾಣುತ್ತೆ?" ಎಂದು ಕೇಳಬಹುದಿತ್ತು. ಆರ್ವಿಡ್ ಕೇಳಲಿಲ್ಲ. "ತುಂಬಾ ಉಪಕಾರ" ಎಂದು ಪಾತ್ರೆ ಇಸಿದುಕೊಂಡ.

"ಇದಕ್ಕಿಂತ ಕೆಟ್ಟದ್ದಾಗಬಹುದಿತ್ತು," ಎಂದಳು ಡೆಲೋರಿಸ್. ದನಿಯಲ್ಲಿ ಅಂಥ ನಂಬಿಕೆ ಇರಲಿಲ್ಲ.

ಸಂಜೆಯೊಳಗೆ ಇನ್ನೂ ಮೂರು ಬಂದವು. ಮರುದಿನ ಐದು. ಆರ್ವಿಡ್ ಫ್ರಿಜ್ಜಿನ ಬಾಗಿಲು ತೆರೆದು ನಿಂತು ಲೆಕ್ಕ ಹಾಕಿದ. ಒಂಬತ್ತು. ಅತ್ತೆ ಸತ್ತಾಗ ಬಂದಷ್ಟೇ. ಅವನಿಗೆ ವಿಷಯ ಸ್ಪಷ್ಟವಾಯಿತು. ಲವೋನ್‌ಗೆ ದೊಡ್ಡ ಕಾಯಿಲೆ ಬಂದಿದೆ. ಊರಿಗೆಲ್ಲ ಗೊತ್ತು, ಗಂಡನಿಗೆ ಹೇಳಿಲ್ಲ. "ಒಂದೇ ಬಾಗಿಲು" ಎಂದಾಗ ಅವಳ ಮುಖ ಹೇಗಿತ್ತು, ಆಲೂಗಡ್ಡೆಯನ್ನು ಎಷ್ಟು ನಿಧಾನವಾಗಿ ಕೊಯ್ದಳು, ಎಲ್ಲವೂ ಈಗ ಹೊಂದಿಕೊಂಡಿತು. ಅವಳಾಗಿ ಹೇಳದ ಮಾತನ್ನು ಕೇಳಿ ಅವಳನ್ನು ನೋಯಿಸುವುದು ಬೇಡವೆಂದು ಆರ್ವಿಡ್ ನಿರ್ಧರಿಸಿದ. ಅದರ ಬದಲು ಪಾತ್ರೆ ತೊಳೆದ. ನಲವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳ ಕಾರಿನ ಬಾಗಿಲು ತೆರೆದು ಹಿಡಿದ. ತೋಟದಿಂದ ಟ್ಯೂಲಿಪ್ ಹೂ ಕಿತ್ತು ಲೋಟದಲ್ಲಿಟ್ಟ.

ಹೂವನ್ನು ನೋಡಿ ಲವೋನ್ ಕುರ್ಚಿಯ ಮೇಲೆ ಕೂತುಬಿಟ್ಟಳು. ಎದುರುಮನೆಯ ಕಿಟಕಿಯಿಂದಲೂ ಹೂ ಕಂಡಿತು. ತಪ್ಪು ಮಾಡದ ಗಂಡಸು ಹೂ ಕೀಳುವುದಿಲ್ಲ ಎಂದು ಹತ್ತನೆಯ ಹಾಟ್‌ಡಿಶ್ ತಂದವಳು ಡೆಲೋರಿಸಳಿಗೆ ಹೇಳಿದಳು.

ಹನ್ನೊಂದನೆಯದನ್ನು ಪಾಸ್ಟರ್ ಲುಂಡೀನ್ ತಾವೇ ತಂದರು. ಮೂವತ್ತೊಂದು ವರ್ಷದ, ಆರೂಕಾಲು ಅಡಿ ಎತ್ತರದ ಮನುಷ್ಯ. ಪಾತ್ರೆಯನ್ನು ಒಳಗೆ ಕೊಟ್ಟು, ಗಾಡಿಯ ಹತ್ತಿರ ಬಂದು, "ಒಳಗೆ ಹೇಗಿದೆ ನೋಡಬಹುದಾ" ಎಂದರು. ಅವರು ಮೊದಲು ಹತ್ತಿದರು. ಹತ್ತಿ ಗೋಡೆಯ ಕಡೆಗೆ ಸರಿದರು. ಹಿಂದೆಯೇ ಆರ್ವಿಡ್ ಹತ್ತಿ ಬಾಗಿಲ ಕಡೆ ಕೂತ. ಕೂತರೆ ತಲೆ ಚಾವಣಿಗೆ ತಗಲುತ್ತಿದ್ದುದರಿಂದ ಪಾಸ್ಟರು ಮಲಗಬೇಕಾಯಿತು. ಅವರೊಬ್ಬರೇ ಮಲಗಿದರೆ ಸರಿಕಾಣದು ಎಂದು ಆರ್ವಿಡ್ ಕೂಡ ಮಲಗಿದ. ಇಬ್ಬರೂ ಅಂಗಾತ ಚಾವಣಿ ನೋಡಿದರು.

"ದಾರಿ ದೂರ ಇರುತ್ತೆ ಆರ್ವಿಡ್," ಎಂದರು ಪಾಸ್ಟರು ಕೊನೆಗೆ.

"ಹೌದು ಪಾಸ್ಟರೇ."

"ಇಷ್ಟು ವರ್ಷ ಜೊತೆಗೆ ಬಂದವರು, ಮುಂದೆ ಒಬ್ಬರೇ ಹೋಗಬೇಕಾಗಿ ಬಂದ್ರೆ..."

ಆರ್ವಿಡ್ ಪಾಸ್ಟರ ಕಡೆ ಹೊರಳಿದ. "ಎಷ್ಟು ದಿನ ಇದೆ ಅಂತ ನಿಮಗೇನಾದ್ರೂ ಗೊತ್ತಾ?"

"ಅದು ನಿನ್ನ ಕೈಲಿದೆಯಪ್ಪಾ."

"ನನ್ನ ಕೈಲಾ?"

"ಮತ್ತೆ ಯಾರ ಕೈಲಿದೆ? ನೀನು ಮನಸ್ಸು ಮಾಡಿದ್ರೆ ನಾಳೇನೇ ಎಲ್ಲಾ ಸರಿಹೋಗುತ್ತೆ."

ಪಾಸ್ಟರು ಪ್ರಾರ್ಥನೆಯ ಶಕ್ತಿಯ ಬಗ್ಗೆ ಹೇಳುತ್ತಿದ್ದಾರೆಂದು ಆರ್ವಿಡ್ ತಿಳಿದ. "ದಿನಾ ಮಾಡ್ತಿದ್ದೀನಿ," ಎಂದ. ಪಾಸ್ಟರು ಗೊಂದಲದಿಂದ ಅವನತ್ತ ತಿರುಗಿದರು. ಮತ್ತೆ ಚಾವಣಿ ನೋಡಿದರು. ಆಮೇಲೆ ಹೊರಡಲು ನೋಡಿದರೆ ಬಾಗಿಲು ಆರ್ವಿಡ್‌ನ ಆಚೆಗಿತ್ತು. ಆರ್ವಿಡ್ ದುಃಖದಲ್ಲಿದ್ದ, ಏಳುವ ಸೂಚನೆ ಇರಲಿಲ್ಲ. ದುಃಖದಲ್ಲಿರುವವನಿಗೆ ಪಕ್ಕಕ್ಕೆ ಸರಿ ಎನ್ನಬಾರದೆಂದು ಪಾಸ್ಟರು ಮೊಣಕೈಯೂರಿ, ಅವನ ಮೇಲಿಂದ ಒಂದೊಂದೇ ಕಾಲು ದಾಟಿಸಿಕೊಂಡು, ತಲೆ ಮುಂದಾಗಿ ಅಂಗಳಕ್ಕೆ ಇಳಿದರು. ಹುಲ್ಲಿನ ಮೇಲೆ ಕೈಯೂರಿದ ಸ್ಥಿತಿಯಲ್ಲೇ ಎದುರುಮನೆಯ ಕಿಟಕಿ ಕಂಡಿತು. ಕೈ ಬೀಸಲು ಕೈ ಬಿಡುವಿರಲಿಲ್ಲ, ತಲೆ ಆಡಿಸಿದರು.

ಜೂನ್ ಹತ್ತರಂದು ಆರ್ವಿಡ್ ಗಾಡಿಯನ್ನು ಕಾರಿಗೆ ಕಟ್ಟಿಕೊಂಡು ನೋಂದಣಿ ಕಚೇರಿಗೆ ಹೋದ. ಇನ್ನು ನಾಲ್ಕು ದಿನವಿತ್ತು. ಲವೋನ್‌ಗೆ ಶಕ್ತಿ ಇರುವಷ್ಟರಲ್ಲೇ ಬೆಟ್ಟ ತೋರಿಸಬೇಕು. ಹೊರಡುವ ಹಿಂದಿನ ದಿನ ಕೇಳಿದರಾಯಿತು. ಬೇಡವೆಂದರೆ ಕಾಯಿಲೆಯ ಮಾತು ಅವಳ ಬಾಯಿಂದಲೇ ಬರುತ್ತದೆ.

ಕಿಟಕಿಯಾಚೆ ಕೂತಿದ್ದವಳು ಜೋಲೀನ್, ಡೆಲೋರಿಸಳ ತಂಗಿಯ ಮಗಳು.

"ತಯಾರಿಸಿದವರು?" ಎಂದು ಫಾರಂ ನೋಡುತ್ತ ಕೇಳಿದಳು. ಕಚೇರಿಯಲ್ಲಿ ಮಾತ್ರ ನೇರ ಪ್ರಶ್ನೆಗೆ ಅನುಮತಿ ಇತ್ತು.

"ನಾನೇ."

"ನಾನೇ ಅಂತ ಬರೆಯೋಕಾಗಲ್ಲ."

"ಆರ್ವಿಡ್ ಸ್ಕೋಗ್."

"ಮಾದರಿ?"

"ಇದೊಂದೇ ಮಾಡಿರೋದು."

"ತೂಕ?"

"ಭಾರ ಇದೆ."

"ಧಾನ್ಯದ ಕಣಜಕ್ಕೆ ಹೋಗಿ ತೂಗಿಸಿ ಚೀಟಿ ತನ್ನಿ. ಮಾಲೀಕರು ಒಬ್ಬರಾ, ಇಬ್ಬರಾ?" ಕೇಳಿದ ಮೇಲೆ ಜೋಲೀನ್ ಪೆನ್ನು ಕೆಳಗಿಟ್ಟಳು.

"ಇಬ್ಬರು ಅಂದ್ರೆ?"

"ಇಬ್ಬರೂ ಬಂದು ಸಹಿ ಹಾಕಬೇಕು."

ಆರ್ವಿಡ್ ಹಿಂದಕ್ಕೆ ತಿರುಗಿ ಸಾಲು ನೋಡಿದ. ಏಳು ಜನ ನಿಂತಿದ್ದರು. ಗೋಡೆಯ ಪಕ್ಕ ಇದ್ದದ್ದು ಒಂದೇ ಕುರ್ಚಿ. ಕಾಯಿಲೆಯವಳನ್ನು ಇಲ್ಲಿ ತಂದು ನಿಲ್ಲಿಸುವುದೇ? "ಒಬ್ಬರೇ," ಎಂದ. "ಒಂದೇ ಹೆಸರು ಹಾಕಿ."

ಜೋಲೀನ್ ಬರೆದಳು. ಅವನು ಬಾಗಿಲು ದಾಟುವಷ್ಟರಲ್ಲಿ ಫೋನು ಎತ್ತಿಕೊಂಡಳು.

ಆಮೇಲೆ ನಡೆದದ್ದು ಆರ್ವಿಡ್‌ಗೆ ತುಂಬ ದಿನದ ನಂತರ ತಿಳಿಯಿತು. ಡೆಲೋರಿಸ್ ರಸ್ತೆ ದಾಟಿ ಬಂದು, ಲವೋನ್‌ಳ ಅಡುಗೆಮನೆಯಲ್ಲಿ ಎರಡು ಸಲ ಕಾಫಿ ಬೇಡವೆಂದು, ಮೂರನೆಯ ಸಲ ಒಪ್ಪಿಕೊಂಡು, ಅರ್ಧ ಬಟ್ಟಲು ಮುಗಿಸಿ ಹೇಳಿದಳಂತೆ: "ಆರ್ವಿಡ್ ಗಾಡಿ ತೂಗಿಸೋಕೆ ಕಣಜಕ್ಕೆ ಹೋದನಂತೆ. ಆ ಫಾರಂಗಳಲ್ಲಿ ಈಗ ಜಾಗ ತುಂಬಾ ಕಮ್ಮಿ ಅಂತೆ. ಒಂದೇ ಹೆಸರು ಹಿಡಿಸುತ್ತಂತೆ."

ಲವೋನ್ ಎದ್ದು ಬ್ರೆಡ್ಡು ಕೊಯ್ಯಲು ಶುರು ಮಾಡಿದಳಂತೆ.

ಧಾನ್ಯದ ಕಣಜದ ಮುಂದೆ ಲಾರಿ ತೂಗುವ ಉದ್ದನೆಯ ಕಟ್ಟೆ ಇತ್ತು. ಅದರ ಪಕ್ಕದ ಕಂಬದ ಮೇಲೆ ಒಂದೊಂದು ಅಂಕಿಯೂ ಗೇಣುದ್ದ ಕಾಣುವ ಕೆಂಪು ದೀಪದ ಹಲಗೆ. ಬೀದಿಯ ಆ ತುದಿಯಿಂದಲೂ ಓದಬಹುದಾಗಿತ್ತು. ತೂಗುವವನು ಗೇಲೆನ್. ಅವನ ಕೋಣೆಯಲ್ಲಿ ಐದು ಮಂದಿ ಹಳೆಯ ರೈತರು ಕಾಫಿ ಕುಡಿಯುತ್ತಿದ್ದರು. ಅವರೆಲ್ಲ ಹೊಲ ಮಕ್ಕಳಿಗೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಈಗ ಬೆಳೆಯುತ್ತಿದ್ದುದು ಅಭಿಪ್ರಾಯಗಳನ್ನು ಮಾತ್ರ.

ಆರ್ವಿಡ್ ಗಾಡಿಯನ್ನು ಕಟ್ಟೆಯ ಮೇಲೆ ಬಿಚ್ಚಿ ನಿಲ್ಲಿಸಿ ಕಾರನ್ನು ಮುಂದಕ್ಕೆ ಒಯ್ದ. ಹಲಗೆಯಲ್ಲಿ ಒಂದು ಸಾವಿರದ ಅರವತ್ತು ಎಂದು ಬಂತು.

"ಬರೀ ಸಾವಿರದ ಅರವತ್ತು ಪೌಂಡು," ಎಂದ ಒಬ್ಬ ರೈತ. "ನನ್ನ ಹೋರಿ ಇದಕ್ಕಿಂತ ಭಾರ ಇತ್ತು."

"ನಿನ್ನ ಹೋರಿಗೆ ಚಾವಣಿ ಇರ್ಲಿಲ್ಲ," ಎಂದ ಇನ್ನೊಬ್ಬ.

"ಬಾಗಿಲೂ ಇರ್ಲಿಲ್ಲ."

"ಇದಕ್ಕೂ ಹೆಚ್ಚಿಗೇನಿಲ್ಲ. ಒಂದೇ." ಅಷ್ಟಕ್ಕೆ ಎಲ್ಲರೂ ಕಾಫಿಯ ಕಡೆ ನೋಡಿದರು.

ಅಷ್ಟರಲ್ಲಿ ಲವೋನ್‌ಳ ನೀಲಿ ಕಾರು ಬಂದು ಅಡ್ಡಾದಿಡ್ಡಿಯಾಗಿ ನಿಂತಿತು. ಗೆರೆಗೆ ಸರಿಯಾಗಿ ನಿಲ್ಲಿಸದೆ ಎಂದೂ ಇಳಿಯದ ಹೆಂಗಸು ಅವಳು. ಅಡುಗೆ ಮಾಡುವಾಗ ಕಟ್ಟುವ ಮುಂಗವಚದಲ್ಲೇ ಇಳಿದು ಬಂದಳು. ಒಂದು ಕೈಯಲ್ಲಿ ಕಾಗದದ ಚೀಲ, ಇನ್ನೊಂದರಲ್ಲಿ ಆ ಭೂಪಟ.

"ನಾಲ್ಕು ಸ್ಯಾಂಡ್‌ವಿಚ್ ಇದೆ," ಎಂದಳು ಚೀಲ ಕೊಡುತ್ತ. "ಮೊಟ್ಟೇದು ಮೊದಲು ತಿನ್ನು, ಕೆಡುತ್ತೆ." ಆಮೇಲೆ ಭೂಪಟ ಕೊಟ್ಟಳು. "ಇದು ಹಳೇದು. ಆದ್ರೂ ಬೆಟ್ಟ ಅಲ್ಲೇ ಇರುತ್ತೆ. ದಾರಿ ತಪ್ಪಬೇಡ."

ಗೇಲೆನ್‌ನ ಕೋಣೆಯ ಕಿಟಕಿ ಯಾರೋ ಸದ್ದಿಲ್ಲದೆ ಎರಡು ಬೆರಳು ತೆರೆದರು.

ಆರ್ವಿಡ್ ಭೂಪಟ ನೋಡಿದ, ಹೆಂಡತಿಯ ಮುಖ ನೋಡಿದ. ಅವಳು ತನ್ನ ಪಾಲಿನ ಬೆಟ್ಟವನ್ನೂ ಅವನಿಗೇ ಕೊಟ್ಟುಬಿಡುತ್ತಿದ್ದಳು. ನಲವತ್ತೆರಡು ಚಳಿಗಾಲದಲ್ಲಿ ಎಂಥ ಗಾಳಿಗೂ ನಡುಗದ ಅವನ ಗದ್ದ ನಡುಗಿತು.

"ನೀನಿಲ್ದೆ ನಾನು ಎಲ್ಲಿಗೆ ಹೋಗ್ಲಿ?" ಎಂದ. "ಡಾಕ್ಟರು ಏನಂದ್ರು, ಅದನ್ನ ಹೇಳು ನಂಗೆ."

"ಯಾವ ಡಾಕ್ಟರು?"

"ಹನ್ನೊಂದು ಹಾಟ್‌ಡಿಶ್ ಬಂದಿದೆ ಲವೋನ್. ನಂಗೂ ಎಣಿಸೋಕೆ ಬರುತ್ತೆ. ನಿಂಗೇನಾಗಿದೆ?"

"ನಂಗೇನೂ ಆಗಿಲ್ಲ. ಹಲ್ಲಿಗೊಂದು ತುಂಬಿಸಿಕೊಂಡೆ, ಅದೂ ಹೋದ ವರ್ಷ." ಲವೋನ್ ಮುಂಗವಚದಲ್ಲಿ ಕೈ ಒರೆಸಿಕೊಂಡಳು. ಅವು ಒದ್ದೆಯಾಗಿರಲಿಲ್ಲ. "ಆ ಹನ್ನೊಂದು ಬಂದಿರೋದು ನೀನು ನನ್ನ ಬಿಟ್ಟಿದ್ದಕ್ಕೆ." ಆಮೇಲೆ ಟೋರ್ಸ್‌ಬಿಯ ಚರಿತ್ರೆಯಲ್ಲಿ ಹಿಂದೆಂದೂ ಆಗದ ಕೆಲಸವೊಂದನ್ನು, ಹಾಡುಹಗಲಲ್ಲಿ, ಆರು ಜನ ಗಂಡಸರಿಗೆ ಕೇಳುವಂತೆ ಮಾಡಿದಳು. "ಆರ್ವಿಡ್, ನೀನು ನನ್ನ ಬಿಟ್ಟು ಹೋಗ್ತಿದ್ದೀಯಾ?"

ನೇರ ಪ್ರಶ್ನೆ. ಕೋಣೆಯೊಳಗೆ ಯಾರದೋ ಕಾಫಿ ಬಟ್ಟಲು ತಟ್ಟೆಗೆ ತಗುಲಿದ್ದು ಕೇಳಿಸಿತು.

"ಇಲ್ಲ," ಎಂದ ಆರ್ವಿಡ್. ಉತ್ತರ ಸಾಲದೇನೋ ಎನ್ನಿಸಿ, "ಹದಿನಾಲ್ಕನೇ ತಾರೀಕು ನಿನ್ನ ಕರ್ಕೊಂಡು ಹೋಗೋಕೆ ಕಟ್ಟಿದ್ದು. ಕೇಳಬೇಕು ಅಂತಿದ್ದೆ."

"ಯಾವಾಗ?"

"ಹದಿಮೂರಕ್ಕೆ."

"ಒಂದೇ ಬಾಗಿಲು ಇಟ್ಟಿದ್ದೀಯಲ್ಲ."

"ನೀನು ಯಾವಾಗ್ಲೂ ಗೋಡೆ ಕಡೆ ತಾನೇ ಮಲಗೋದು? ನಲವತ್ತೊಂದು ವರ್ಷದಿಂದ ನೋಡ್ತಿದ್ದೀನಿ. ನಿಂಗೆ ಗೋಡೆ ಇಷ್ಟ. ಅದಕ್ಕೇ ಆ ಕಡೆ ಒಳ್ಳೇ ಹಲಗೆ ನೋಡಿ ಹಾಕಿದೆ, ಗಂಟಿಲ್ಲದ್ದು."

ಲವೋನ್ ಗಾಡಿಯ ಬಲಗಡೆಯ ಹಲಗೆ ನೋಡಿದಳು.

"ನಿಂಗೆ ನಸುಕಲ್ಲಿ ಫೋನು ಬರ್ತಿತ್ತು," ಎಂದಳು. "ಹಿಮ ಬಿದ್ದಾಗೆಲ್ಲ. ಎದ್ದು ಹೋಗೋಕೆ ನಿಂಗೆ ಸುಲಭ ಆಗ್ಲಿ ಅಂತ ನಾನು ಗೋಡೆ ಕಡೆ ಹೋದೆ. ನಂಗೆ ಗೋಡೆ ಇಷ್ಟ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಆರ್ವಿಡ್ ಯೋಚಿಸಿ ನೋಡಿದ, ನಿಜವಾಗಿಯೂ ಯಾರೂ ಹೇಳಿರಲಿಲ್ಲ. ಹಾಗಂತ ಯಾರೂ ಕೇಳಿಯೂ ಇರಲಿಲ್ಲ. ಅವನು ಸ್ಯಾಂಡ್‌ವಿಚ್ಚಿನ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತ.

"ಜಾಗ ಎಷ್ಟಿದೆ ನೋಡೋಣ," ಎಂದು ಲವೋನ್ ಗಾಡಿಯ ಕಡೆ ನಡೆದಳು. ಚಿಲಕ ತೆಗೆದು, ಮುಂಗವಚ ಒತ್ತಿ ಹಿಡಿದು, ಒಂದು ಕಾಲು ಒಳಗಿಟ್ಟಳು.

ಗಾಡಿ ಇನ್ನೂ ತೂಕದ ಕಟ್ಟೆಯ ಮೇಲೆಯೇ ಇತ್ತು. ಕಂಬದ ಮೇಲಿನ ಕೆಂಪು ಅಂಕಿ ಒಂದು ಸಲ ಕದಲಿ ಮೇಲೇರತೊಡಗಿತು.

ಆ ಊರಿನಲ್ಲಿ ಒಬ್ಬ ಹೆಂಗಸಿನ ವಯಸ್ಸು ಚರ್ಚಿನ ದಫ್ತರದಲ್ಲಿರುತ್ತದೆ. ತೂಕ ದೇವರೊಬ್ಬನಿಗೆ ಗೊತ್ತು. ಗೇಲೆನ್ ಕೋಣೆಯಿಂದ ಓಡಿ ಬಂದ. ದೀಪ ಆರಿಸುವ ಗುಂಡಿ ಒಳಗಿದೆ ಎಂಬುದು ಆ ಗಾಬರಿಯಲ್ಲಿ ಅವನಿಗೆ ಹೊಳೆಯಲಿಲ್ಲ. ಕಂಬದ ಬುಡದ ಕಬ್ಬಿಣದ ಮೆಟ್ಟಿಲು ಹತ್ತಿ, ತಲೆಯ ಟೋಪಿ ತೆಗೆದು ಕೊನೆಯ ಎರಡು ಅಂಕಿಗಳ ಮೇಲೆ ಒತ್ತಿ ಹಿಡಿದ. ಉಳಿದ ಅಂಕಿಗಳಿಗೆ ಅವನ ಟೋಪಿ ಸಾಲಲಿಲ್ಲ, ಎದೆ ಕೊಟ್ಟ. ಒಳಗಿದ್ದ ಐವರು ರೈತರು ಸಾಲಾಗಿ ಹೊರಬಂದರು. ಹೊರಬಂದು, ತಮ್ಮ ಟೋಪಿ ತೆಗೆದು ಎದೆಗೆ ಹಿಡಿದು, ಕಟ್ಟೆಗೆ ಬೆನ್ನು ತಿರುಗಿಸಿ, ಕಣಜದ ಗೋಡೆ ನೋಡುತ್ತ ನಿಂತರು. ಬೀದಿಯಲ್ಲಿ ಹೋಗುತ್ತಿದ್ದ ಒಂದು ಲಾರಿ ಶವಯಾತ್ರೆಯಿರಬೇಕೆಂದು ವೇಗ ಇಳಿಸಿತು.

ಗಾಡಿಯೊಳಗಿಂದ ಗೋಡೆ ಕುಟ್ಟಿದ ಸದ್ದಾಯಿತು. ಬಲಗಡೆಯ ಗೋಡೆ, ಗಂಟಿಲ್ಲದ ಹಲಗೆ.

"ಆರ್ವಿಡ್."

"ಹ್ಞಾ."

"ಇಲ್ಲೊಂದು ಬಾಗಿಲು ಬೇಕು."

"ನಾಳೆ ಕೊಯ್ತೀನಿ."

"ನೀನು ಬೇಡ. ನಾನೇ ಕೊಯ್ತೀನಿ."

ಕೊಯ್ದಳು. ಪೆನ್ಸಿಲಿನಲ್ಲಿ ತನ್ನ ಅಳತೆಗೆ ಸರಿಯಾಗಿ ಗೆರೆ ಎಳೆದು, ಕರೆಂಟಿನ ಗರಗಸ ಹಿಡಿದು, ಒಂದೇ ಬೆಳಿಗ್ಗೆಯಲ್ಲಿ ಮುಗಿಸಿದಳು. ಬಾಗಿಲು ಮೇಲಿನ ಮೂಲೆಯಲ್ಲಿ ಸ್ವಲ್ಪ ಸೊಟ್ಟಗಿತ್ತು. ಆರ್ವಿಡ್ ದೂರ ನಿಂತು ನೋಡಿ, "ಬೇರೆ ಥರ..." ಎಂದವನು ಗರಗಸ ಇನ್ನೂ ಅವಳ ಕೈಯಲ್ಲೇ ಇರುವುದನ್ನು ಗಮನಿಸಿ, "ಚೆನ್ನಾಗಿದೆ" ಎಂದ. ಬಲಗಡೆ ಸೋರುತ್ತಿದ್ದ ಮೂಲೆ ಆ ಬಾಗಿಲಿನೊಂದಿಗೇ ಹೊರಟುಹೋಗಿತ್ತು. ನೋಂದಣಿ ಕಚೇರಿಯಲ್ಲಿ ಇಬ್ಬರೂ ನಿಂತು ಸಹಿ ಹಾಕಿದರು. ಫಾರಂನಲ್ಲಿ ಜಾಗ ಬೇಕಾದಷ್ಟಿತ್ತು.

ಆದರೆ ಹನ್ನೊಂದು ಪಾತ್ರೆಗಳಿದ್ದವು. ಪ್ರತಿಯೊಂದರ ತಳದಲ್ಲಿ ಅಂಟುಪಟ್ಟಿಯ ಮೇಲೆ ಒಡತಿಯ ಹೆಸರು. ಹಿಂದಿರುಗಿಸದೆ ಊರು ಬಿಡುವಂತಿಲ್ಲ, ಖಾಲಿ ಹಿಂದಿರುಗಿಸುವಂತೆಯೂ ಇಲ್ಲ. ಹೀಗಾಗಿ ಜೂನ್ ಹದಿಮೂರರಂದು ಗಾಡಿ ತನ್ನ ಮೊದಲ ಪ್ರಯಾಣ ಹೊರಟಿತು. ಹಿಂಬದಿಯ ಅಡುಗೆಕಟ್ಟೆಯ ತುಂಬ ಪಾತ್ರೆ, ಪಾತ್ರೆಯ ತುಂಬ ಲವೋನ್ ಮಾಡಿದ ನಿಂಬೆಯ ಸಿಹಿತುಂಡು. ಪ್ರತಿ ಮನೆಯಲ್ಲೂ ಕಾಫಿ ಎಂದರು. ಪ್ರತಿ ಮನೆಯಲ್ಲೂ ಇಬ್ಬರೂ ಎರಡು ಸಲ ಬೇಡವೆಂದು ಮೂರನೆಯ ಸಲ ಕೂತರು. ಯಾರೂ ಏನೂ ಕೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹೊರಟವರು ಸಂಜೆ ಆರಕ್ಕೆ ಮನೆ ಸೇರಿದರು. ಒಟ್ಟು ನಾಲ್ಕು ಮೈಲಿ. ಕೊನೆಯ ಮನೆ ಡೆಲೋರಿಸಳದು.

"ನಂಗೆ ಮೊದಲಿಂದಲೂ ಅನುಮಾನ ಇರ್ಲಿಲ್ಲ," ಎಂದು ಅವಳು ಪಾತ್ರೆ ಇಸಿದುಕೊಂಡಳು.

ಮರುದಿನ ಬೆಳಿಗ್ಗೆ ಪಶ್ಚಿಮದ ರಸ್ತೆ. ಎರಡೂ ಕಡೆ ಜೋಳದ ಪೈರು ಮೊಣಕಾಲೆತ್ತರ ಬಂದಿತ್ತು, ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಇಪ್ಪತ್ತೆರಡನೆಯ ಮೈಲಿಯಲ್ಲಿ ಹಸಿರು ಫಲಕ ಕಂಡಿತು. ಆರ್ವಿಡ್ ವೇಗ ಇಳಿಸಿದ. ಅವನ ಅರಿವಿಲ್ಲದೆಯೇ ಕೈ ಸ್ಟೀರಿಂಗ್ ಚಕ್ರವನ್ನು ಎಡಕ್ಕೆ ಎಳೆಯತೊಡಗಿತು. ಕಾರು ರಸ್ತೆಯ ನಡುಗೆರೆಯ ಮೇಲೆ ನಿಂತಿತು, ಹಿಂದೆ ಗಾಡಿಯೂ ನಿಂತಿತು.

"ಏನಾಯ್ತು?" ಎಂದಳು ಲವೋನ್.

"ಏನಿಲ್ಲ. ನಾನು ಇಲ್ಲೇ ತಿರುಗಿಸ್ತಿದ್ದದ್ದು."

ಲವೋನ್ ತೊಡೆಯ ಮೇಲೆ ಭೂಪಟ ಬಿಡಿಸಿದಳು. ಹರಿದ ಮಡಿಕೆಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ಸರಿ ಮಾಡಿದಳು. ಆಮೇಲೆ ತಲೆಯೆತ್ತಿ ಫಲಕದ ಆಚೆಯ ರಸ್ತೆಯನ್ನು ನೋಡಿದಳು.

"ಇವತ್ತು ಹಿಮ ಇಲ್ಲ," ಎಂದಳು.

ಆರ್ವಿಡ್ ಕಿಟಕಿ ಇಳಿಸಿ, ಹೊರಗೆ ನೋಡಿ, ಅವಳು ಹೇಳಿದ್ದು ನಿಜವೆಂದು ಖಚಿತ ಮಾಡಿಕೊಂಡು, ಚಕ್ರವನ್ನು ನೇರ ಮಾಡಿದ.